ಸೊನ್ನೆಗೆ ತಿರುಗಿಸಿದರೂ ನಿಲ್ಲದ ಸದ್ದು

ದೊಡ್ಡಮ್ಮ ಹೆಡ್‌ಫೋನನ್ನು ಎಡಗಿವಿಯಿಂದ ತುಸು ಸರಿಸಿ, "ಇದರೊಳಗೆ ಯಾರೋ ಚಿಟಿಕೆ ಹೊಡೆಯುತ್ತಿದ್ದಾರೆ" ಎಂದರು. ನಾನು ವಾಲ್ಯೂಮ್ ಗುಂಡಿಯನ್ನು ನೋಡಿದೆ. ಅದು ಪೂರ್ತಿ ಸೊನ್ನೆಯಲ್ಲಿತ್ತು. ಇನ್ನಷ್ಟು ಎಡಕ್ಕೆ ಒತ್ತಿ ತಿರುಗಿಸಲು ನೋಡಿದೆ, ತಿರುಗಲಿಲ್ಲ. "ಈಗ?" ಎಂದು ಕೇಳಿದೆ. "ಈಗಲೂ ಇದೆ. ಎಡಗಡೆ ಜಾಸ್ತಿ" ಎಂದರು.

ಶಿರಸಿಯಿಂದ ಹನ್ನೆರಡು ಕಿಲೋಮೀಟರ್ ದೂರದ ನಮ್ಮ ಮನೆಯಲ್ಲಿ ಅಡಿಕೆ ಸುಲಿಯುವ ದಿನಗಳು ಅವು. ರಾತ್ರಿ ಒಂಬತ್ತೂವರೆಯವರೆಗೆ ಜಗಲಿಯಲ್ಲಿ ಮೆಟ್ಟುಗತ್ತಿಗಳ ಸದ್ದು, ಮಾತು, ನಗು. ಸುಲಿಯುವವರು ಎದ್ದು ಹೋದ ಮೇಲೆ ಊರು ಒಮ್ಮೆಲೇ ಮೌನವಾಗುತ್ತದೆ. ಆ ಮೌನಕ್ಕಾಗಿಯೇ ಕಾದು, ಉಪ್ಪರಿಗೆಯ ಕೋಣೆಯಲ್ಲಿ ಕಂಬಳಿಗಳನ್ನು ತೂಗುಹಾಕಿ, ದೊಡ್ಡಮ್ಮನ ಹಸೆ ಹಾಡುಗಳನ್ನು ರೆಕಾರ್ಡ್ ಮಾಡಲು ಕುಳಿತಿದ್ದೆ. ಮದುವೆ ಮನೆಗಳಲ್ಲಿ ಅವರು ಹಾಡುವುದನ್ನು ನಿಲ್ಲಿಸಿ ಹಲವು ವರ್ಷಗಳಾಗಿವೆ. ಅವರಿಗೆ ಬರುವ ಧಾಟಿಗಳು ನಮ್ಮ ಮನೆಯಲ್ಲಿ ಮತ್ತೆ ಯಾರಿಗೂ ಬರುವುದಿಲ್ಲ.

ನನ್ನ ಬಳಿ ಇರುವುದು ಒಂದು ಗ್ರೂವ್‌ಬಾಕ್ಸ್. ತಾಳ, ನಾದ, ಸ್ವರಗಳನ್ನು ಹದಿನಾರು ಮೆಟ್ಟಿಲುಗಳ ಸಾಲಿನಲ್ಲಿ ಜೋಡಿಸಿ ನುಡಿಸುವ ಚಿಕ್ಕ ಎಲೆಕ್ಟ್ರಾನಿಕ್ ಪೆಟ್ಟಿಗೆ. ಅದರಲ್ಲಿ ತಂಬೂರದಂಥ ಒಂದು ಎಳೆನಾದವನ್ನು ಕಟ್ಟಿಕೊಂಡಿದ್ದೆ. ದೊಡ್ಡಮ್ಮ ಅದನ್ನು ಹೆಡ್‌ಫೋನಿನಲ್ಲಿ ಕೇಳಿ ಶ್ರುತಿ ಹಿಡಿಯಬೇಕು, ಕೈಸನ್ನೆ ಮಾಡಿದಾಗ ನಾನು ವಾಲ್ಯೂಮ್ ಇಳಿಸಬೇಕು, ಅವರು ನಾದದ ಆಸರೆ ಇಲ್ಲದೆ ಹಾಡಬೇಕು, ನಡುವೆ ಶ್ರುತಿ ಬೇಕೆನಿಸಿದರೆ ಮತ್ತೆ ಸನ್ನೆ ಮಾಡಬೇಕು. ಯಂತ್ರ ಮಾತ್ರ ಒಳಗೊಳಗೇ ಓಡುತ್ತಿರಬೇಕು. ರೆಕಾರ್ಡರ್ ಅದರ ಗಡಿಯಾರವನ್ನು ಅನುಸರಿಸುತ್ತದೆ, ಮುಂದೆ ಅವರ ಧ್ವನಿಯ ಸುತ್ತ ನಾನು ಏನಾದರೂ ನೇಯಬೇಕಾದರೆ ಆ ಗಡಿಯಾರ ಬೇಕು. ಎಳೆನಾದದ ಜೊತೆಗೆ ತೆಳುವಾದ ಒಂದು ತಾಳದ ಸಾಲೂ ಓಡುತ್ತಿತ್ತು. ಗುಂಡಿ ಸೊನ್ನೆಯಲ್ಲಿದ್ದಾಗ ಅದು ಯಾರಿಗೂ ಕೇಳುವುದಿಲ್ಲ ಎಂದು ನಂಬಿದ್ದೆ.

ಆ ರಾತ್ರಿ ಹೆಡ್‌ಫೋನಿನ ಪಿನ್ನನ್ನೇ ಯಂತ್ರದಿಂದ ಕಿತ್ತು ಹಾಡಿಸಿದೆ. ಆದರೆ ಶ್ರುತಿಗಾಗಿ ಮತ್ತೆ ಚುಚ್ಚಿದಾಗಲೆಲ್ಲ ಅವರ ಕಿವಿಯಲ್ಲಿ ಫಟ್ ಎಂದು ಸಿಡಿಯುತ್ತಿತ್ತು. ಮೂರನೆಯ ಸಲ ಅವರು ಬೆಚ್ಚಿಬಿದ್ದರು. ಅಲ್ಲಿಗೇ ನಿಲ್ಲಿಸಿದೆವು.

ಮರುದಿನ ಬೆಳಿಗ್ಗೆ ಕೇಳಿದಾಗ ನನಗೆ ನಿಜವಾಗಿ ನೋವಾಯಿತು. ಪಿನ್ನು ಕೀಳುವ ಮೊದಲು ಹಾಡಿದ ಎರಡು ಹಾಡುಗಳಲ್ಲಿ ದೊಡ್ಡಮ್ಮ ದೊಡ್ಡಮ್ಮನಾಗಿ ಇರಲಿಲ್ಲ. ಹಸೆಗೆ ಕರೆಯುವ ಹಾಡನ್ನು ಅವರು ಹಾಡುವಾಗ ಸಾಲಿನ ಕೊನೆಯ ಅಕ್ಷರವನ್ನು ತಮಗೆ ಬೇಕಾದಷ್ಟು ಎಳೆಯುತ್ತಾರೆ, ಉಸಿರು ತೆಗೆದುಕೊಳ್ಳುತ್ತಾರೆ, ಮುಂದಿನ ಸಾಲನ್ನು ತಮ್ಮ ಗಳಿಗೆಗೆ ಎತ್ತಿಕೊಳ್ಳುತ್ತಾರೆ. ಅದಕ್ಕೆ ಲೆಕ್ಕವಿಲ್ಲ ಎಂದಲ್ಲ, ಅದು ಅವರ ಉಸಿರಿನ ಲೆಕ್ಕ. ಈ ರೆಕಾರ್ಡಿಂಗಿನಲ್ಲಿ ಎಳೆತಗಳೆಲ್ಲ ಒಂದೇ ಅಳತೆಗೆ ಕತ್ತರಿಸಿದಂತಿದ್ದವು. ಪರದೆಯ ಮೇಲೆ ಗೆರೆ ಎಳೆದು ನೋಡಿದೆ. ಪ್ರತಿ ಸಾಲಿನ ಆರಂಭವೂ ಯಂತ್ರದ ತಾಳಕ್ಕೆ ಸರಿಯಾಗಿ ಬಂದು ಕೂತಿತ್ತು. ಕೇಳಿಯೂ ಕೇಳದಷ್ಟು ಸಣ್ಣ ಚಿಟಿಕೆಯೊಂದು ಅವರ ಹಾಡನ್ನು ತನ್ನ ಹೆಜ್ಜೆಗೆ ಎಳೆದುಕೊಂಡುಬಿಟ್ಟಿತ್ತು.

ಈ ಸೋರಿಕೆ ನನಗೆ ಹೊಸದಾಗಿರಲಿಲ್ಲ ಎಂಬುದನ್ನು ಹೇಳಲೇಬೇಕು. ಹಿಂದೆ ನಾಲ್ಕು ವರ್ಷ ಕಾರವಾರದಲ್ಲಿ ಕೆಲಸದಲ್ಲಿದ್ದಾಗ ಕೋಡಿಬಾಗದ ಒಂದು ಬಾಡಿಗೆ ಕೋಣೆಯಲ್ಲಿ ಇದೇ ಯಂತ್ರದ ಜೊತೆ ರಾತ್ರಿ ಕಳೆಯುತ್ತಿದ್ದೆ. ಕಾಳಿ ನದಿ ಸಮುದ್ರ ಸೇರುವ ಕಡೆಯದು, ಗಾಳಿಯ ಸದ್ದು ನಿಲ್ಲುತ್ತಲೇ ಇರಲಿಲ್ಲ. ಗುಂಡಿಯನ್ನು ಸೊನ್ನೆಗಿಳಿಸಿದಾಗಲೂ ತಾಳ ಎಲ್ಲೋ ದೂರದಲ್ಲಿ ಓಡುತ್ತಿರುವಂತೆ ಅನಿಸುತ್ತಿತ್ತು; ಕಿವಿಯ ಭ್ರಮೆ ಎಂದುಕೊಂಡಿದ್ದೆ. ಒಮ್ಮೆ ದುರಸ್ತಿ ಅಂಗಡಿಯೊಂದರಲ್ಲಿ ತೋರಿಸಿದಾಗ "ಇಷ್ಟು ಇದ್ದೇ ಇರುತ್ತದೆ, ಬೇರೆ ಹೆಡ್‌ಫೋನ್ ತೆಗೆದುಕೊಳ್ಳಿ" ಎಂದಿದ್ದರು. ಆ ಮಾತಿನಲ್ಲಿ ಅರ್ಧ ಸತ್ಯವಿತ್ತು ಎಂದು ಈಗ ಗೊತ್ತು. ಉಳಿದರ್ಧವನ್ನು ನಾನೇ ಹುಡುಕಬೇಕಾಯಿತು.

ವಾಲ್ಯೂಮ್ ಗುಂಡಿಯ ಒಳಗೆ ಇರುವುದು ಪೊಟೆನ್ಶಿಯೋಮೀಟರ್. ದುರಸ್ತಿ ಮಾಡುವವರು ಅದನ್ನು ಪಾಟ್ ಎನ್ನುತ್ತಾರೆ. ಹಳೆಯ ರೇಡಿಯೋ ಮೆಕ್ಯಾನಿಕರಿಗೆ ಅದು ಬರೀ ಕಂಟ್ರೋಲ್. ಕುದುರೆ ಲಾಳದ ಆಕಾರದ ಇಂಗಾಲದ ಪಟ್ಟಿ, ಅದರ ಮೇಲೆ ಜಾರುವ ಒಂದು ಲೋಹದ ಬೆರಳು. ಪಟ್ಟಿಯ ಒಂದು ತುದಿಗೆ ಸಂಗೀತದ ವಿದ್ಯುತ್ತು ಬರುತ್ತದೆ, ಇನ್ನೊಂದು ತುದಿ ಗ್ರೌಂಡಿಗೆ, ಅಂದರೆ ಸೊನ್ನೆ ವೋಲ್ಟಿಗೆ, ಸೇರಿರುತ್ತದೆ. ಬೆರಳು ಎಲ್ಲಿ ನಿಂತಿದೆಯೋ ಅಲ್ಲಿಯ ವೋಲ್ಟೇಜ್ ಮುಂದಿನ ಆಂಪ್ಲಿಫೈಯರಿಗೆ ಹೋಗುತ್ತದೆ. ನಮ್ಮ ಕಡೆ ಬೆಟ್ಟದ ಅಬ್ಬಿ ನೀರನ್ನು ಅಡಿಕೆ ದಬ್ಬೆಯಲ್ಲಿ, ಅಂದರೆ ಸೀಳಿದ ಅಡಿಕೆ ಮರದಲ್ಲಿ, ಮನೆಗೆ ತರುತ್ತಿದ್ದುದನ್ನು ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಆ ನೀರಿಗೆ ನಲ್ಲಿಯಿಲ್ಲ, ಅದು ಹರಿಯುತ್ತಲೇ ಇರುತ್ತದೆ. ಬೇಡವಾದಾಗ ದಬ್ಬೆಯ ತುದಿಯನ್ನು ತೋಟದ ಕಡೆ ತಿರುಗಿಸುತ್ತಾರೆ. ಪಾಟ್ ಕೂಡ ಸದ್ದನ್ನು ಕಟ್ಟಿಹಾಕುವುದಿಲ್ಲ, ಗ್ರೌಂಡಿನ ಕಡೆ ತಿರುಗಿಸಿ ಕಳುಹಿಸುತ್ತದೆ. ಆ ಕಡೆಯ ಕಾಲುವೆಯಲ್ಲಿ ಕಸ ಸಿಕ್ಕಿಕೊಂಡರೆ ನೀರು ಹಿಂದಕ್ಕೆ ಒತ್ತಿ ಅಂಗಳಕ್ಕೆ ಬರುತ್ತದೆ.

ಲೆಕ್ಕ ಸರಳ. ಓಮ್ ಎಂದರೆ ವಿದ್ಯುತ್ತಿನ ಹರಿವಿಗೆ ಇರುವ ತಡೆಯ ಅಳತೆ. ಪಾಟ್ 10,000 ಓಮ್‌ನದು, ಸೊನ್ನೆಯಲ್ಲಿಯೂ ಬೆರಳಿಗೂ ಗ್ರೌಂಡಿಗೂ ನಡುವೆ 10 ಓಮ್ ಉಳಿದಿದೆ ಎಂದುಕೊಳ್ಳೋಣ. ಬಂದ ವೋಲ್ಟೇಜಿನ ಸಾವಿರದಲ್ಲಿ ಒಂದು ಪಾಲು ಮುಂದಕ್ಕೆ ಹೋಗುತ್ತದೆ. ಸಾವಿರದಲ್ಲೊಂದು ಎಂದರೆ 60 ಡೆಸಿಬೆಲ್ ಇಳಿಕೆ. ಬಹಳ ದೊಡ್ಡದಾಗಿ ಕೇಳಿಸುತ್ತದೆ, ಆದರೆ ಹೆಡ್‌ಫೋನ್ ಏನು ಮಾಡುತ್ತದೆ ನೋಡಿ. ಒಂದು ಮಿಲಿವ್ಯಾಟ್ ಕೊಟ್ಟರೆ 100 ಡೆಸಿಬೆಲ್ ಸದ್ದು ಮಾಡುವ 32 ಓಮ್‌ನ ಸಾಧಾರಣ ಹೆಡ್‌ಫೋನಿಗೆ 1 ವೋಲ್ಟ್ ಸಿಕ್ಕರೆ ಸುಮಾರು 115 ಡೆಸಿಬೆಲ್ ಆಗುತ್ತದೆ. ಅದರಲ್ಲಿ 60 ಕಳೆದರೆ 55. ಮಾಗಿಯ ರಾತ್ರಿ, ಸದ್ದಿಲ್ಲದ ಮನೆ, ಕಿವಿಗೆ ಒತ್ತಿ ಕೂತ ಮೆತ್ತೆ. 55 ಡೆಸಿಬೆಲ್ ಅಲ್ಲಿ ಚೆನ್ನಾಗಿಯೇ ಕೇಳುತ್ತದೆ. ಮಳೆಗಾಲದಲ್ಲಿ ಹಂಚಿನ ಮೇಲೆ ಮಳೆ ಹೊಡೆಯುವಾಗ ಇದೇ ಸೋರಿಕೆ ಇಲ್ಲವೇ ಇಲ್ಲ ಎನಿಸುತ್ತಿತ್ತು.

ಪೆಟ್ಟಿಗೆ ಬಿಚ್ಚುವ ಮೊದಲು ಎರಡು ದಿನ ಕಿವಿಯಿಂದಲೇ ಪರೀಕ್ಷೆ ಮಾಡಿದೆ. ಮೊದಲು ಹೆಡ್‌ಫೋನನ್ನು ತಿರುವುಮುರುವಾಗಿ ಹಾಕಿಕೊಂಡೆ: ಸದ್ದು ಬಲಗಿವಿಗೆ ಬಂತು, ಅಂದರೆ ದೋಷ ನನ್ನ ಕಿವಿಯದ್ದಲ್ಲ. ಬೇರೆ ಹೆಡ್‌ಫೋನ್ ಚುಚ್ಚಿದೆ: ಸೋರಿಕೆ ಎಡ ಚಾನೆಲ್‌ನಲ್ಲೇ ಉಳಿಯಿತು, ಅಂದರೆ ಹೆಡ್‌ಫೋನಿನದ್ದೂ ಅಲ್ಲ. ಕಿವಿಯೊಳಗೆ ತೂರಿಸುವ 16 ಓಮ್‌ನ ಇಯರ್‌ಫೋನಿನಲ್ಲಿ ಅತಿ ಹೆಚ್ಚು, ಗೆಳೆಯನಿಂದ ತಂದ 250 ಓಮ್‌ನ ಸ್ಟುಡಿಯೋ ಹೆಡ್‌ಫೋನಿನಲ್ಲಿ ಬಹುತೇಕ ಇಲ್ಲ. ಕಾರವಾರದ ಅಂಗಡಿಯವರ ಅರ್ಧ ಸತ್ಯ ಇದು. ಚಾರ್ಜರ್ ತೆಗೆದು ಪವರ್ ಬ್ಯಾಂಕಿನಿಂದ ಓಡಿಸಿದೆ; ಬದಲಾವಣೆ ಇಲ್ಲ. ಯಂತ್ರವನ್ನು ನಿಲ್ಲಿಸಿದೆ, ಸದ್ದೂ ನಿಂತಿತು, ಉಳಿದದ್ದು ಆಂಪ್ಲಿಫೈಯರಿನ ಸಣ್ಣ ಸುಯ್ಲು ಮಾತ್ರ. ಆ ಸುಯ್ಲು ಗುಂಡಿಯ ಆಚೆ ಹುಟ್ಟುವಂಥದ್ದು. ಗುಂಡಿ ಎಷ್ಟು ತಿರುಗಿಸಿದರೂ ಅದು ಬದಲಾಗುವುದಿಲ್ಲ, ಅದನ್ನು ಸೋರಿಕೆ ಎಂದು ತಪ್ಪು ತಿಳಿಯಬಾರದು. ಯಂತ್ರ ನಿಲ್ಲಿಸಿದಾಗ ಸದ್ದು ನಿಂತದ್ದರಿಂದ, ಸೋರುತ್ತಿರುವುದು ಸಂಗೀತವೇ ಎಂದು ತೀರ್ಮಾನಿಸಿದೆ. ಈ ತೀರ್ಮಾನದಲ್ಲಿ ಒಂದು ತಪ್ಪಿತ್ತು, ಅದು ಹದಿನೈದು ದಿನಗಳ ನಂತರ ತಿಳಿಯಿತು.

ಇನ್ನೊಂದು ಪರೀಕ್ಷೆ ಬಹಳ ಉಪಯೋಗಕ್ಕೆ ಬಂತು. ಸೋರುವ ಸದ್ದಿಗೆ ಬಣ್ಣವಿರುತ್ತದೆ. ತೀರ ತೆಳುವಾಗಿ, ಜಾಗಟೆಯ ಅಂಚಿನಂಥ ಮೇಲಿನ ಸ್ವರಗಳು ಮಾತ್ರ ಬರುತ್ತಿದ್ದರೆ, ಯಂತ್ರದೊಳಗಿನ ಸರ್ಕ್ಯೂಟ್ ಹಲಗೆಯಲ್ಲಿ ಅಕ್ಕಪಕ್ಕದ ತಾಮ್ರದ ಗೆರೆಗಳ ನಡುವೆ ಸದ್ದು ಹಾರುತ್ತಿದೆ ಎಂದರ್ಥ; ಹತ್ತಿರದ ಎರಡು ಗೆರೆಗಳು ಒಂದು ಪುಟ್ಟ ಕೆಪ್ಯಾಸಿಟರಿನಂತೆ ವರ್ತಿಸುತ್ತವೆ, ಕೆಪ್ಯಾಸಿಟರಿಗೆ ಮೇಲಿನ ಸ್ವರಗಳೇ ಪ್ರೀತಿ. ಮಂದ್ರವೂ ತಾರವೂ ಒಂದೇ ಪ್ರಮಾಣದಲ್ಲಿ ಬರುತ್ತಿದ್ದರೆ ಎಲ್ಲೋ ಓಮ್‌ಗಳು ಉಳಿದುಕೊಂಡಿವೆ. ಯಂತ್ರದಿಂದ 80 ಹರ್ಟ್ಸ್‌ನ ಒಂದು ಸ್ವರ, 5,000 ಹರ್ಟ್ಸ್‌ನ ಇನ್ನೊಂದು ಸ್ವರ ಹೊರಡಿಸಿ, ಗುಂಡಿ ಸೊನ್ನೆಯಲ್ಲಿಟ್ಟು ಕಂಪ್ಯೂಟರಿಗೆ ರೆಕಾರ್ಡ್ ಮಾಡಿ ಹೋಲಿಸಿದೆ. ಎರಡೂ ಸಮನಾಗಿ ಸೋರಿದ್ದವು. ಓಮ್‌ಗಳೇ ಎಂದು ಖಚಿತವಾಯಿತು.

ಅಳತೆಯನ್ನೂ ಅದೇ ದಾರಿಯಲ್ಲಿ ಮಾಡಿದೆ. ಅಗ್ಗದ ಮಲ್ಟಿಮೀಟರುಗಳು ಮಿಲಿವೋಲ್ಟಿನ ಸಂಗೀತವನ್ನು ನಂಬಿಕೆಯಿಂದ ಅಳೆಯುವುದಿಲ್ಲ, ಆದರೆ ಸದ್ದನ್ನು ಕಂಪ್ಯೂಟರಿಗೆ ಒಯ್ಯುವ ಪೆಟ್ಟಿಗೆ, ಅಂದರೆ ಆಡಿಯೋ ಇಂಟರ್‌ಫೇಸ್, ಅಳೆಯುತ್ತದೆ. ಒಂದೇ ಸ್ವರ ಹಿಡಿದು, ಇಂಟರ್‌ಫೇಸಿನ ಗುಂಡಿಯನ್ನು ಮುಟ್ಟದೆ, ಮೊದಲು ಪೂರ್ತಿ ವಾಲ್ಯೂಮಿನಲ್ಲಿ, ಆಮೇಲೆ ಸೊನ್ನೆಯಲ್ಲಿ ರೆಕಾರ್ಡ್ ಮಾಡಬೇಕು. ನನ್ನ ಯಂತ್ರ ಪೂರ್ತಿ ವಾಲ್ಯೂಮಿನಲ್ಲಿ ಮೈನಸ್ 6 ಡೆಸಿಬೆಲ್ ತೋರಿಸಿತು. ಸೊನ್ನೆಯಲ್ಲಿ ಬಲ ಚಾನೆಲ್ ಮೈನಸ್ 70, ಎಡ ಚಾನೆಲ್ ಮೈನಸ್ 54. ಬಲಗಡೆ 64 ಡೆಸಿಬೆಲ್ ಇಳಿಕೆ, ಎಡಗಡೆ ಬರೀ 48. ದೊಡ್ಡಮ್ಮನ ಕಿವಿ ಒಂದು ನಿಮಿಷದಲ್ಲಿ ಹೇಳಿದ್ದನ್ನು ನಾನು ಎರಡು ದಿನ ಕೂತು ಅಂಕಿಯಲ್ಲಿ ಬರೆದುಕೊಂಡೆ.

ಈ ಯಂತ್ರ 5 ವೋಲ್ಟಿನ ಯುಎಸ್‌ಬಿಯಿಂದ ಓಡುವುದು, ಆದ್ದರಿಂದ ಬಿಚ್ಚಲು ಧೈರ್ಯ ಮಾಡಿದೆ. ಗೋಡೆಯ 230 ವೋಲ್ಟ್ ನೇರವಾಗಿ ಒಳಗೆ ಬರುವ ಯಂತ್ರವಾಗಿದ್ದರೆ ಮುಟ್ಟುತ್ತಿರಲಿಲ್ಲ, ಯಾರಿಗೂ ಮುಟ್ಟಿ ಎಂದು ಹೇಳುವುದೂ ಇಲ್ಲ. ಕೆಳಗಿನ ಹತ್ತು ತಿರುಪು, ಗುಂಡಿಗಳ ಟೋಪಿಗಳು, ಅವುಗಳ ಅಡಿಯ ಕಾಯಿಗಳು. ಒಳಗೆ ಎರಡು ಹಲಗೆಗಳು: ಮೇಲೆ ಗುಂಡಿ ಮತ್ತು ದೀಪಗಳದ್ದು, ಕೆಳಗೆ ಮಿದುಳು ಮತ್ತು ಹೆಡ್‌ಫೋನ್ ಆಂಪ್ಲಿಫೈಯರಿನದು, ನಡುವೆ ಚಪ್ಪಟೆ ತಂತಿಯ ಪಟ್ಟಿ. ತಿರುಪುಗಳನ್ನು ಅಡಿಕೆ ತಟ್ಟೆಯಲ್ಲಿ ಬಿಚ್ಚಿದ ಕ್ರಮದಲ್ಲೇ ಇಡುತ್ತಾ ಹೋದೆ. ಕಾರವಾರದ ನಾಲ್ಕು ವರ್ಷ ಒಳಗೆ ಕಾಣಿಸುತ್ತಿತ್ತು. ಜ್ಯಾಕ್‌ಗಳ ಲೋಹದ ಅಂಚಿನಲ್ಲಿ ಹಸಿರು ಕಿಲುಬು, ಪಾಟ್‌ನ ತಗಡಿನ ಹೊದಿಕೆಯ ಮೇಲೆ ಬಿಳಿ ಪುಡಿ. ಕರಾವಳಿಯ ಉಪ್ಪು ಗಾಳಿ ಕಬ್ಬಿಣದ ಕಿಟಕಿ ಸರಳನ್ನು ಬಿಡುವುದಿಲ್ಲ, ಇದನ್ನು ಬಿಡುತ್ತದೆಯೇ?

ಯಂತ್ರಕ್ಕೆ ವಿದ್ಯುತ್ ಇಲ್ಲದಾಗ ಮಲ್ಟಿಮೀಟರನ್ನು ಓಮ್‌ಗೆ ಇಟ್ಟು, ಮೊದಲು ಎರಡು ಮೊನೆಗಳನ್ನು ಒಂದಕ್ಕೊಂದು ತಾಗಿಸಿದೆ. ತಂತಿಗಳದ್ದೇ ಅರ್ಧ ಓಮ್ ಬಂತು. ಅದನ್ನು ಕಳೆದು, ಗುಂಡಿ ಸೊನ್ನೆಯಲ್ಲಿದ್ದಾಗ ಪಾಟ್‌ನ ಬೆರಳಿಗೂ ಗ್ರೌಂಡ್ ಕಾಲಿಗೂ ನಡುವೆ ಅಳೆದೆ. ಸ್ಟೀರಿಯೋ ಪಾಟ್ ಎಂದರೆ ಒಂದರ ಹಿಂದೆ ಒಂದು ಕೂತ ಎರಡು ಪಾಟ್‌ಗಳು, ಒಂದೇ ಕಡ್ಡಿ. ಬಲಗಡೆಯದು 6 ಓಮ್. ಎಡಗಡೆಯದು 38. ಕಾಗದದ ಮೇಲೆ ಭಾಗಿಸಿ ನೋಡಿದೆ: 10,000ದಲ್ಲಿ 38 ಎಂದರೆ 48 ಡೆಸಿಬೆಲ್ ಇಳಿಕೆ, 6 ಎಂದರೆ 64. ರೆಕಾರ್ಡಿಂಗಿನ ಅಂಕಿಗಳೇ ತಿರುಗಿ ಬಂದವು. ಆ ಕ್ಷಣದ ಸಂತೋಷವನ್ನು ಹೇಗೆ ಹೇಳಲಿ! ಕಿವಿ, ಕಂಪ್ಯೂಟರು, ಮೀಟರು ಮೂರೂ ಒಂದೇ ಮಾತು ಆಡಿದ್ದವು.

ಐಸೊಪ್ರೊಪೈಲ್ ಆಲ್ಕೋಹಾಲನ್ನು ಪಾಟ್‌ನ ಸಂದಿಯಲ್ಲಿ ಹನಿ ಹನಿಯಾಗಿ ಬಿಟ್ಟು ಐವತ್ತು ಸಲ ತಿರುಗಿಸಿದೆ. 38 ಇದ್ದದ್ದು 20ಕ್ಕೆ ಇಳಿಯಿತು. ವಾರದಲ್ಲಿ ಮತ್ತೆ 30 ದಾಟಿತು. ಮಾಡಬೇಕಾದ್ದು ಬದಲಾವಣೆಯೇ.

ಶಿರಸಿಯಲ್ಲಿ ನಾನು ಚಿಕ್ಕಂದಿನಿಂದ ಕಂಡ ಒಬ್ಬ ರೇಡಿಯೋ ಮೆಕ್ಯಾನಿಕರಿದ್ದಾರೆ. ಅಂಗಡಿ ಮುಚ್ಚಿ ಈಗ ಮನೆಯಲ್ಲೇ ಟೇಪ್ ರೆಕಾರ್ಡರ್, ಆಂಪ್ಲಿಫೈಯರ್ ನೋಡುತ್ತಾರೆ. ಹಲಗೆಯನ್ನು ಕನ್ನಡಕದ ಹತ್ತಿರ ಹಿಡಿದು, "ಕಂಟ್ರೋಲಿನ ಪಟ್ಟಿ ಕೆಟ್ಟಿಲ್ಲ, ಪಟ್ಟಿ ಕಾಲಿಗೆ ಸೇರುವ ತುದಿ ಕೆಟ್ಟಿದೆ" ಎಂದರು. ಇಂಗಾಲದ ಪಟ್ಟಿಯ ಎರಡು ತುದಿಗಳಲ್ಲಿ ಬೆಳ್ಳಿ ಬೆರೆತ ಬಣ್ಣದ ಲೇಪವಿರುತ್ತದೆ. ಬೆರಳು ಕೊನೆಯಲ್ಲಿ ಅದರ ಮೇಲೆ ಹತ್ತಿ ನಿಲ್ಲಬೇಕು. ಆ ಲೇಪ ಕಪ್ಪಾದರೆ ಸೊನ್ನೆ ಸೊನ್ನೆಯಾಗಿ ಉಳಿಯುವುದಿಲ್ಲ. ಆಮೇಲೆ ಅವರು ಹೇಳಿದ ಇನ್ನೊಂದು ಮಾತನ್ನು ಬರೆದಿಟ್ಟುಕೊಂಡೆ: ಗ್ರೌಂಡ್ ಕಾಲಿನ ಬೆಸುಗೆ ಪೂರ್ತಿ ಬಿಟ್ಟುಹೋದರೆ ಗುಂಡಿ ಎಲ್ಲಿಗೆ ತಿರುಗಿಸಿದರೂ ಸದ್ದು ಹೆಚ್ಚುಕಡಿಮೆ ಪೂರ್ತಿಯೇ ಇರುತ್ತದೆ, ಅಂಥ ಯಂತ್ರ ಬಂದರೆ ಪಾಟ್ ಕೊಳ್ಳುವ ಮೊದಲು ಆ ಬೆಸುಗೆಯನ್ನೊಮ್ಮೆ ಕಾಯಿಸಿ ನೋಡಬೇಕು.

ಬಿಡಿಭಾಗ ಶಿರಸಿಯಲ್ಲಿ ಸಿಗಲಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಪರಿಚಯದವರೊಬ್ಬರು ಬಸ್ಸಿಗೆ ಹಾಕಿದರು. ಬಂದದ್ದು ಬಿ10ಕೆ. ಈಗಿನ ಬಹುಪಾಲು ಪಾಟ್‌ಗಳಲ್ಲಿ ಬಿ ಎಂದರೆ ಸಮನಾಗಿ ಏರುವ ಪಟ್ಟಿ. ವಾಲ್ಯೂಮಿಗೆ ಬೇಕಾದದ್ದು ಎ, ಅಂದರೆ ಮೊದಲು ನಿಧಾನವಾಗಿ, ಕೊನೆಯಲ್ಲಿ ಬೇಗ ಏರುವಂಥದ್ದು. ಕಿವಿ ಸದ್ದನ್ನು ಪಾಲಿನ ಲೆಕ್ಕದಲ್ಲಿ ಕೇಳುತ್ತದೆ, ಕೂಡುವ ಲೆಕ್ಕದಲ್ಲಿ ಅಲ್ಲ. ಬಿ ಹಾಕಿದರೆ ಗುಂಡಿ ಒಂದಿಷ್ಟು ತಿರುಗುವಷ್ಟರಲ್ಲಿ ಸದ್ದು ಕಿವಿಗೆ ಬಡಿಯುತ್ತದೆ. ಮರಳಿ ಕಳುಹಿಸಿ ಎ10ಕೆ ತರಿಸಿದೆ: 9 ಮಿಲಿಮೀಟರ್ ಅಳತೆ, ಎರಡು ಸಾಲಿನಲ್ಲಿ ಆರು ಕಾಲು, ಒಂದು ಬದಿ ಚಪ್ಪಟೆಯಾದ ಕಡ್ಡಿ. ಕಡ್ಡಿಯ ಆಕಾರ ನೋಡದೆ ತರಿಸಿದರೆ ಹಳೆಯ ಗುಂಡಿಯ ಟೋಪಿ ಕೂರುವುದಿಲ್ಲ. ಎಂಟು ದಿನ ಹೀಗೆ ಹೋಯಿತು. ಅಷ್ಟರಲ್ಲಿ ಸುಲಿ ಮುಗಿದು ಅಂಗಳದಲ್ಲಿ ಅಡಿಕೆ ಒಣಗುತ್ತಿತ್ತು.

ಹಳೆಯ ಪಾಟ್ ಕೀಳುವುದೇ ಇಡೀ ಕೆಲಸದ ಕಠಿಣ ಭಾಗ. ಆರು ಕಾಲು, ಜೊತೆಗೆ ಹೊದಿಕೆಯನ್ನು ಹಲಗೆಗೆ ಹಿಡಿದಿಡುವ ಎರಡು ದಪ್ಪ ಕೊಕ್ಕೆ. ಒಂದು ಕಾಲನ್ನು ಕರಗಿಸುವಷ್ಟರಲ್ಲಿ ಇನ್ನೊಂದು ಗಟ್ಟಿಯಾಗುತ್ತದೆ. ಬಲವಂತವಾಗಿ ಎಳೆದರೆ ತಾಮ್ರದ ಉಂಗುರವೇ ಹಲಗೆಯಿಂದ ಎದ್ದು ಬರುತ್ತದೆ, ಆಮೇಲೆ ಹಲಗೆ ಹೋಯಿತು. ಮೆಕ್ಯಾನಿಕರು ಹೇಳಿಕೊಟ್ಟ ಉಪಾಯ ಮೊದಲು ವಿಚಿತ್ರವೆನಿಸಿತು: ಹಳೆಯ ತವರವನ್ನು ತೆಗೆಯುವ ಮೊದಲು ಹೊಸ ತವರ ಸೇರಿಸು. ಕಾರ್ಖಾನೆಯ ಸೀಸವಿಲ್ಲದ ಬೆಸುಗೆ ಹೆಚ್ಚು ಬಿಸಿಗೆ ಕರಗುತ್ತದೆ; ಸೀಸವಿರುವ ಹೊಸ ತವರ ಬೆರೆತರೆ ಕಡಿಮೆ ಬಿಸಿಗೇ ಸಡಿಲವಾಗುತ್ತದೆ. ಹಾಗೆ ಮಾಡಿ, ಹೆಣೆದ ತಾಮ್ರದ ಪಟ್ಟಿಯನ್ನು ಒತ್ತಿ ತವರವನ್ನು ಹೀರಿಸಿದೆ. ಕೊಕ್ಕೆಗಳನ್ನು ಕೊನೆಗಿಟ್ಟುಕೊಂಡೆ. ಕೈ ನಡುಗುತ್ತಿದ್ದಾಗ ಕೆಳಗಿಟ್ಟು, ಅಂಗಳಕ್ಕೆ ಹೋಗಿ ಬಂದು, ಮತ್ತೆ ಕೂತೆ. ಎರಡು ಗಂಟೆಯ ನಂತರ ಪಾಟ್ ತಾನಾಗಿಯೇ ಅಂಗೈಗೆ ಬಿತ್ತು. ಉಂಗುರಗಳೆಲ್ಲ ಕ್ಷೇಮವಾಗಿದ್ದವು.

ಹೊಸದನ್ನು ಬೆಸೆದು ಅಳೆದೆ: ಎರಡೂ ಕಡೆ 2 ಓಮ್. ರೆಕಾರ್ಡ್ ಮಾಡಿದೆ: ಎರಡೂ ಕಡೆ 74 ಡೆಸಿಬೆಲ್ ಇಳಿಕೆ. ರಾತ್ರಿ ಹೆಡ್‌ಫೋನ್ ಹಾಕಿ, ಯಂತ್ರ ಓಡಿಸಿ, ಗುಂಡಿಯನ್ನು ಸೊನ್ನೆಗೆ ತಂದೆ. ಎಳೆನಾದ ಇಲ್ಲ. ತಾಳವಾದ್ಯ ಇಲ್ಲ. ಆದರೆ ಬಹಳ ಕೆಳಗೆ, ಎರಡೂ ಕಿವಿಯಲ್ಲಿ ಸಮನಾಗಿ, ಟಿಕ್. ಟಿಕ್. ಟಿಕ್.

ಅಂದು ಬಹಳ ಹೊತ್ತು ಸುಮ್ಮನೆ ಕೂತೆ. ಕರೆಂಟ್ ಹೋಯಿತು. ಯಂತ್ರ ಪವರ್ ಬ್ಯಾಂಕಿನಲ್ಲಿ ಓಡುತ್ತಲೇ ಇತ್ತು, ಕತ್ತಲಲ್ಲಿ ಅದರ ದೀಪಗಳು ಮಾತ್ರ ಕಾಣುತ್ತಿದ್ದವು. ಪ್ರತಿ ನಾಲ್ಕನೆಯ ಮೆಟ್ಟಿಲಿಗೆ ಮೇಲಿನ ಸಾಲಿನ ದೀಪಗಳೆಲ್ಲ ಒಮ್ಮೆಗೇ ಮಿಂಚುತ್ತವೆ. ದೀಪ ಮಿಂಚಿದಾಗ ಟಿಕ್. ಮತ್ತೆ ಮಿಂಚಿದಾಗ ಟಿಕ್. ಎಲ್ಲ ವಾದ್ಯಗಳನ್ನೂ ಒಂದೊಂದಾಗಿ ಬಾಯಿಮುಚ್ಚಿಸಿ ಯಂತ್ರವನ್ನು ಮಾತ್ರ ಓಡಲು ಬಿಟ್ಟೆ: ಸಂಗೀತವೇ ಇಲ್ಲ, ಟಿಕ್ ಇದೆ. ಸೆಟ್ಟಿಂಗಿಗೆ ಹೋಗಿ ದೀಪದ ಪ್ರಕಾಶ ಇಳಿಸಿದೆ, ಟಿಕ್ ಕೂಡ ಇಳಿಯಿತು. ಮೊದಲ ಪರೀಕ್ಷೆಯಲ್ಲಿ ನಾನು ಯಂತ್ರವನ್ನೇ ನಿಲ್ಲಿಸಿಬಿಟ್ಟಿದ್ದೆ. ಆಗ ಸಂಗೀತದ ಜೊತೆ ದೀಪಗಳೂ ನಿಂತಿದ್ದವು. ವಾದ್ಯಗಳನ್ನು ಮುಚ್ಚಿ ಯಂತ್ರವನ್ನು ಓಡಲು ಬಿಟ್ಟಿದ್ದರೆ ಅಂದೇ ತಿಳಿಯುತ್ತಿತ್ತು: ಸೋರಿಕೆಗಳು ಎರಡು. ಸಂಗೀತ ಪಾಟ್‌ನಿಂದ ಸೋರುತ್ತಿತ್ತು. ದೊಡ್ಡಮ್ಮನಿಗೆ ಕೇಳಿದ ಚಿಟಿಕೆಯಲ್ಲಿ ದೀಪದ ಪಾಲೂ ಇತ್ತು.

ಇದರ ಕಾರಣ ನೆಲದಲ್ಲಿ, ಅಂದರೆ ಗ್ರೌಂಡಿನಲ್ಲಿತ್ತು. ಗ್ರೌಂಡ್ ಎಂದರೆ ಎಲ್ಲೆಲ್ಲೂ ಒಂದೇ ಸೊನ್ನೆ ಎಂದು ಚಿತ್ರದಲ್ಲಿ ಬರೆಯುತ್ತಾರೆ. ನಿಜವಾದ ಹಲಗೆಯಲ್ಲಿ ಅದು ತಾಮ್ರದ ಗೆರೆ, ಗೆರೆಗೂ ಒಂದಿಷ್ಟು ಓಮ್ ಇರುತ್ತದೆ. ಪಾಟ್‌ನ ಗ್ರೌಂಡ್ ಕಾಲು ಮೇಲಿನ ಹಲಗೆಯಲ್ಲಿ ದೀಪಗಳ ಗ್ರೌಂಡಿನ ಜೊತೆ ಸೇರಿ, ಚಪ್ಪಟೆ ತಂತಿಯ ಮೂಲಕ ಕೆಳಗಿನ ಹಲಗೆಗೆ ಇಳಿಯುತ್ತಿತ್ತು. ಹೆಡ್‌ಫೋನ್ ಆಂಪ್ಲಿಫೈಯರ್ ಮಾತ್ರ ಕೆಳಗಿನ ಹಲಗೆಯ ಗ್ರೌಂಡನ್ನು ಸೊನ್ನೆ ಎಂದು ನಂಬಿತ್ತು. ದೀಪಗಳು 50 ಮಿಲಿಆಂಪಿಯರ್ ಎಳೆದು, ದಾರಿಯಲ್ಲಿ ಒಂದು ಓಮ್‌ನ ಐವತ್ತನೆಯ ಒಂದು ಭಾಗ ಇದ್ದರೂ ಸಾಕು, ಆ ಎರಡು ಸೊನ್ನೆಗಳ ನಡುವೆ ಒಂದು ಮಿಲಿವೋಲ್ಟ್ ವ್ಯತ್ಯಾಸ ಹುಟ್ಟುತ್ತದೆ. 10 ಓಮ್ ಉಳಿಸಿಕೊಂಡ ಪಾಟ್ ಸೋರುವುದೂ ಅಷ್ಟೇ. ಆಂಪ್ಲಿಫೈಯರ್ ಅದನ್ನು ಸಂಗೀತವೆಂದೇ ತಿಳಿದು ಕಿವಿಗೆ ಕಳುಹಿಸುತ್ತದೆ. ಎಷ್ಟು ಒಳ್ಳೆಯ ಪಾಟ್ ಹಾಕಿದರೂ ಇದು ಹೋಗುವುದಿಲ್ಲ. ಪಾಟ್ ನಿಷ್ಠೆಯಿಂದ ಸೊನ್ನೆಗೆ ಇಳಿಸುತ್ತಿದೆ, ಆ ಸೊನ್ನೆಯೇ ಅಲುಗಾಡುತ್ತಿದೆ.

ಪಾಟ್‌ನ ಗ್ರೌಂಡನ್ನು ದೀಪಗಳಿಂದ ಬೇರ್ಪಡಿಸಿ, ಪ್ರತ್ಯೇಕ ತಂತಿಯಲ್ಲಿ ನೇರವಾಗಿ ಆಂಪ್ಲಿಫೈಯರಿನ ಗ್ರೌಂಡಿಗೆ ಒಯ್ಯಬೇಕು. ಅದಕ್ಕೆ ಒಂದು ಗೆರೆ ಕತ್ತರಿಸಬೇಕು. ಸರಿಯಾಗಿ ಇರುವ ಹಲಗೆಯ ಮೇಲೆ ಬ್ಲೇಡ್ ಇಡುವುದು ನನಗೆ ಸುಲಭವಾಗಲಿಲ್ಲ. ಮೂರು ಸಲ ಮೀಟರಿನಿಂದ ಆ ಗೆರೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ನೋಡಿದೆ, ಅದಕ್ಕೆ ಬೇರೆ ಯಾವ ಭಾಗವೂ ನೇತುಕೊಂಡಿಲ್ಲವೆಂದು ಖಚಿತಪಡಿಸಿಕೊಂಡೆ, ಫೋಟೋ ತೆಗೆದಿಟ್ಟುಕೊಂಡೆ. ಆಮೇಲೆ ಪಾಟ್‌ನ ಎರಡು ಗ್ರೌಂಡ್ ಕಾಲುಗಳು ಒಟ್ಟಾಗಿ ಹೊರಡುವ ಕಡೆ ಕತ್ತರಿಸಿದೆ. ಅಲ್ಲಿಂದ ಒಂದು ತಂತಿಯನ್ನು ಕೆಳಗಿನ ಹಲಗೆಯಲ್ಲಿ ಆಂಪ್ಲಿಫೈಯರಿನ ಪಕ್ಕದ ಗ್ರೌಂಡಿಗೆ ಬೆಸೆದೆ. ತಂತಿ ಒಂಬತ್ತು ಸೆಂಟಿಮೀಟರ್ ಇದ್ದಿರಬಹುದು.

ಟಿಕ್ ಹೋಯಿತು. ಪ್ರಕಾಶವನ್ನು ಪೂರ್ತಿ ಏರಿಸಿ ನೋಡಿದೆ, ದೀಪಗಳು ಮಿಂಚುತ್ತಲೇ ಇದ್ದವು, ಕಿವಿಯಲ್ಲಿ ಆಂಪ್ಲಿಫೈಯರಿನ ಸುಯ್ಲು ಬಿಟ್ಟರೆ ಏನೂ ಇಲ್ಲ.

ಎಲ್ಲರೂ ಬ್ಲೇಡ್ ಹಿಡಿಯಬೇಕಾಗಿಲ್ಲ. ಸೂಕ್ಷ್ಮವಾದ ಇಯರ್‌ಫೋನಿಗೂ ಯಂತ್ರಕ್ಕೂ ನಡುವೆ 75 ಓಮ್‌ನ ರೆಸಿಸ್ಟರ್ ಇರುವ ಪಿನ್ನು ಹಾಕಿದರೆ 16 ಓಮ್‌ನ ಇಯರ್‌ಫೋನಿನಲ್ಲಿ ಸುಮಾರು 15 ಡೆಸಿಬೆಲ್ ಇಳಿಯುತ್ತದೆ, ಸುಯ್ಲೂ ಸೇರಿ. ಕೆಲವು ಇಯರ್‌ಫೋನುಗಳಲ್ಲಿ ಸ್ವರದ ಬಣ್ಣ ತುಸು ಬದಲಾಗುತ್ತದೆ, ಅದೊಂದು ನಷ್ಟ. ಹೊಸ ಯಂತ್ರ ಕೊಳ್ಳುವವರು ಅಂಗಡಿಯಲ್ಲೇ ತಮ್ಮ ಇಯರ್‌ಫೋನ್ ಚುಚ್ಚಿ, ದೊಡ್ಡ ತಾಳವೊಂದನ್ನು ಓಡಿಸಿ, ಗುಂಡಿಯನ್ನು ಸೊನ್ನೆಗಿಳಿಸಿ ಕೇಳಲಿ. ಅಂಗಡಿಯ ಗದ್ದಲದಲ್ಲಿ ಕೇಳಿಸಿದರೆ ಮನೆಯಲ್ಲಿ ಖಂಡಿತ ಕೇಳಿಸುತ್ತದೆ. "ಇಷ್ಟು ಇದ್ದೇ ಇರುತ್ತದೆ" ಎಂಬ ಮಾತನ್ನು ನಾನಂತೂ ಇನ್ನು ಒಪ್ಪುವುದಿಲ್ಲ. ಸೊನ್ನೆ ಎಂದು ಬರೆದ ಕಡೆ ಸೊನ್ನೆ ಇರಬೇಕು.

ಮೊನ್ನೆ ರಾತ್ರಿ ಮತ್ತೆ ಕಂಬಳಿ ತೂಗುಹಾಕಿದೆ. ದೊಡ್ಡಮ್ಮ ಹೆಡ್‌ಫೋನ್ ಹಾಕಿಕೊಂಡು ಎಳೆನಾದಕ್ಕೆ ಮೆಲ್ಲಗೆ ಸ್ವರ ಸೇರಿಸಿದರು, ಕೈಸನ್ನೆ ಮಾಡಿದರು. ನಾನು ಗುಂಡಿಯನ್ನು ಸೊನ್ನೆಗೆ ತಂದೆ. ಅವರು ತಕ್ಷಣ ಹಾಡಲಿಲ್ಲ. ಕಣ್ಣು ಮುಚ್ಚಿ ಕೇಳುತ್ತಾ ಕೂತರು. "ಕೊಟ್ಟಿಗೆಯಲ್ಲಿ ದನ ಕತ್ತು ಕೊಡವಿತು" ಎಂದರು, ಆಮೇಲೆ ಹಸೆಗೆ ಕರೆಯುವ ಹಾಡನ್ನು ಎತ್ತಿಕೊಂಡರು. ಎರಡನೆಯ ಸಾಲಿನ ಕೊನೆಯ ಅಕ್ಷರ ಯಂತ್ರದ ತಾಳವನ್ನು ದಾಟಿ, ಮುಂದಿನದನ್ನೂ ದಾಟಿ, ಅವರ ಉಸಿರು ಮುಗಿಯುವವರೆಗೆ ಹೋಯಿತು. ಆ ರಾತ್ರಿ ಏಳು ಹಾಡುಗಳಾದವು. ಹನ್ನೆರಡು ಗಂಟೆಗೆ ನಾನು ತಂತಿ ಸುತ್ತಲು ಹೊರಟಾಗ ಅವರು ತಡೆದು, "ಇನ್ನೊಂದು ಇದೆ, ಅದು ನನ್ನ ಅಮ್ಮ ಹಾಡುತ್ತಿದ್ದದ್ದು. ಶ್ರುತಿ ಅರ್ಧ ಮನೆ ಇಳಿಸು" ಎಂದರು.